ಹೊಸ ಬೈಕಿನ ರನ್ನಿಂಗ್-ಇನ್ ಮತ್ತು ಎಂಜಿನ್ ಆಯಿಲ್

ಹೊಸ ಮೋಟಾರ್‌ಸೈಕಲ್ ರಸ್ತೆಗಿಳಿದ ದಿನದಿಂದ ಅದರ ಎಂಜಿನ್ನಿನ ಒಳಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೆಗೆ ಬರುವವರೆಗಿನ ಅವಧಿಗೆ ರನ್ನಿಂಗ್-ಇನ್ ಎನ್ನುತ್ತಾರೆ. ಭಾರತದಲ್ಲಿ ಮಾರಾಟವಾಗುವ ಬೈಕುಗಳಲ್ಲಿ ಮೊದಲ ಸರ್ವಿಸ್ ಸಾಮಾನ್ಯವಾಗಿ 500ರಿಂದ 1000 ಕಿಲೋಮೀಟರ್ ನಡುವೆ ಬರುತ್ತದೆ. ರನ್ನಿಂಗ್-ಇನ್ನಿನ ಮುಖ್ಯ ಘಟ್ಟವೂ ಅಷ್ಟರೊಳಗೆ ಮುಗಿಯುತ್ತದೆ. ಈ ಅವಧಿಯಲ್ಲಿ ಯಾವ ಎಣ್ಣೆ ಇರಬೇಕು ಎಂಬ ಬಗ್ಗೆ ಸವಾರರಲ್ಲೂ ಮೆಕ್ಯಾನಿಕ್‌ಗಳಲ್ಲೂ ಗಟ್ಟಿಯಾದ ನಂಬಿಕೆಗಳಿವೆ. ಮೊದಲು ಮಿನರಲ್ ಆಯಿಲನ್ನೇ ಹಾಕಬೇಕು, ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದಿಲ್ಲ, ಹೊಸ ಎಂಜಿನ್ನಿಗೆ ದಪ್ಪ ಎಣ್ಣೆಯೇ ಕ್ಷೇಮ, ಕಂಪನಿ ತುಂಬಿ ಕಳಿಸಿದ ಎಣ್ಣೆಯನ್ನು ಆದಷ್ಟು ಬೇಗ ಚೆಲ್ಲಬೇಕು, ಹೀಗೆ. ಎಂಜಿನ್ನಿನೊಳಗೆ ನಡೆಯುವುದನ್ನು ಒಂದೊಂದಾಗಿ ನೋಡುತ್ತ ಹೋದರೆ ಈ ನಂಬಿಕೆಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ಎಣ್ಣೆಯ ಮೂಲ ಮಿನರಲ್ಲೋ ಸಿಂಥೆಟಿಕ್ಕೋ ಎಂಬುದಕ್ಕೆ ಇಲ್ಲಿ ಮಹತ್ವ ಕಡಿಮೆ. ಕೈಪಿಡಿ ಹೇಳಿದ ಸ್ನಿಗ್ಧತೆ, ಒದ್ದೆ ಕ್ಲಚ್ಚಿಗೆ ಒಪ್ಪುವ ದರ್ಜೆ ಮತ್ತು ಮೊದಲ ಎಣ್ಣೆಯನ್ನು ಸಕಾಲದಲ್ಲಿ ಬದಲಿಸುವುದು, ಈ ಮೂರು ಸರಿಯಿದ್ದರೆ ಆಯ್ಕೆಯ ಕಷ್ಟ ಬಹುಪಾಲು ಕಳೆದಂತೆ.

ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅದನ್ನು ಬೇಕೆಂದೇ ಒರಟಾಗಿ ಬಿಟ್ಟಿರುತ್ತಾರೆ. ಕಾರ್ಖಾನೆಯಲ್ಲಿ ಹೋನಿಂಗ್ ಕಲ್ಲುಗಳು ಬೋರಿನೊಳಗೆ ತಿರುಗುತ್ತ, ಮೇಲೆ ಕೆಳಗೆ ಆಡುತ್ತ ಒಂದನ್ನೊಂದು ಕತ್ತರಿಸುವ ಓರೆಗೆರೆಗಳನ್ನು ಕೊರೆಯುತ್ತವೆ. ಗೆರೆಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ, ಅವುಗಳ ನಡುವಿನ ಏಣುಗಳ ಮೇಲೆ ಪಿಸ್ಟನ್ ರಿಂಗ್ ಓಡಾಡುತ್ತದೆ. ಹೊಸ ಎಂಜಿನ್ನಿನಲ್ಲಿ ಈ ಏಣುಗಳು ಚೂಪಾಗಿರುತ್ತವೆ, ರಿಂಗಿನ ಅಂಚೂ ಗೋಡೆಯ ಆಕಾರಕ್ಕೆ ಪೂರ್ತಿ ಹೊಂದಿರುವುದಿಲ್ಲ. ಎರಡೂ ಒಂದಿಷ್ಟು ಸವೆದು ಏಣುಗಳ ತಲೆ ಮಟ್ಟಸವಾದಾಗ ರಿಂಗ್ ಕೂತಿತು ಎನ್ನುತ್ತಾರೆ. ಆಗ ದಹನದ ಅನಿಲ ಕೆಳಗೆ ಸೋರುವುದು ಕಡಿಮೆಯಾಗುತ್ತದೆ, ಎಣ್ಣೆ ಮೇಲೇರಿ ಸುಡುವುದೂ ಕಡಿಮೆಯಾಗುತ್ತದೆ. ಇಂದಿನ ಅನೇಕ ಕಾರ್ಖಾನೆಗಳು ಏಣುಗಳ ತುದಿಯನ್ನು ಮೊದಲೇ ತೆಗೆಯುವ ಪ್ಲೇಟೋ ಹೋನಿಂಗ್ ಮಾಡುವುದರಿಂದ ಈ ಕೆಲಸದ ಒಂದು ಪಾಲು ಬೈಕು ಷೋರೂಮಿಗೆ ಬರುವ ಮೊದಲೇ ಮುಗಿದಿರುತ್ತದೆ. ಉಳಿದದ್ದನ್ನು ಮಾಡಿಸುವ ಬಲ ಯಾವುದು ಎಂಬುದು ಎಣ್ಣೆಯ ಚರ್ಚೆಗೆ ಮುಖ್ಯ. ರಿಂಗಿಗೆ ತನ್ನದೇ ಸ್ಪ್ರಿಂಗ್ ಬಿಗಿ ಇರುತ್ತದೆ, ಆದರೆ ಅದು ಅಲ್ಪ. ಪೆಟ್ರೋಲು ಉರಿದಾಗ ಅನಿಲ ಪಿಸ್ಟನ್ನಿನ ಕಚ್ಚಿನೊಳಗೆ ನುಗ್ಗಿ ರಿಂಗಿನ ಬೆನ್ನ ಹಿಂದೆ ತುಂಬಿಕೊಂಡು ಅದನ್ನು ಗೋಡೆಗೆ ಒತ್ತುತ್ತದೆ. ರಿಂಗನ್ನು ಕೂರಿಸುವ ಮುಖ್ಯ ಶಕ್ತಿ ಈ ಒತ್ತಡವೇ. ಎಂಜಿನ್ನಿನ ಮೇಲೆ ಹೊರೆ ಹೆಚ್ಚಿದಷ್ಟೂ ಒತ್ತಡ ಹೆಚ್ಚು; ನಿಂತಲ್ಲೇ ಗುಯ್‌ಗುಟ್ಟುವ ಎಂಜಿನ್ನಿನಲ್ಲಿ ಅದು ತೀರಾ ಕಡಿಮೆ.

ಸಿಂಥೆಟಿಕ್ ಎಣ್ಣೆ ವಿಪರೀತ ಜಾರುತ್ತದೆ, ಆದ್ದರಿಂದ ಸವೆಯಬೇಕಾದದ್ದು ಸವೆಯುವುದೇ ಇಲ್ಲ ಎಂಬ ವಾದವನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬೇರಿಂಗುಗಳ ಘರ್ಷಣೆಯನ್ನು ಅಳೆದು ತೋರಿಸಿದ ಸಂಗತಿ ಇಲ್ಲಿಗೂ ಅನ್ವಯಿಸುತ್ತದೆ. ವೇಗ ಮತ್ತು ಸ್ನಿಗ್ಧತೆ ಸಾಕಷ್ಟಿದ್ದರೆ ಎಣ್ಣೆಯ ಪದರವೇ ಎರಡು ಲೋಹಗಳನ್ನು ದೂರವಿಡುತ್ತದೆ. ವೇಗ ತಗ್ಗಿ ಒತ್ತಡ ಏರಿದಲ್ಲಿ ಪದರ ತೆಳುವಾಗಿ ಲೋಹದ ಏಣುಗಳು ಒಂದಕ್ಕೊಂದು ತಾಗುತ್ತವೆ. ಪಿಸ್ಟನ್ ಮೇಲ್ತುದಿ ಮುಟ್ಟಿ ಹಿಂತಿರುಗುವ ಕ್ಷಣದಲ್ಲಿ ಅದರ ವೇಗ ಸೊನ್ನೆ, ಅನಿಲದ ಒತ್ತಡ ಮಾತ್ರ ಅದೇ ಆಸುಪಾಸಿನಲ್ಲಿ ಶಿಖರಕ್ಕೇರುತ್ತದೆ. ಆ ಜಾಗದಲ್ಲಿ ಯಾವ ಎಣ್ಣೆಯ ಪದರವೂ ಪೂರ್ತಿ ತಡೆಯಾಗಿ ನಿಲ್ಲಲಾರದು. ಅಲ್ಲಿ ಕೆಲಸ ಮಾಡುವುದು ಎಣ್ಣೆಗೆ ಬೆರೆಸಿದ ರಾಸಾಯನಿಕಗಳು, ಅದರಲ್ಲೂ ಸತು ಮತ್ತು ರಂಜಕ ಇರುವ ಜೆಡ್‌ಡಿಡಿಪಿ. ಬಿಸಿ ಮತ್ತು ಒತ್ತಡ ಸೇರಿದಲ್ಲಿ ಅದು ಲೋಹದ ಮೇಲೆ ಗಾಜಿನಂಥ ತೆಳುಪೊರೆ ಕಟ್ಟುತ್ತದೆ. ಏಣುಗಳು ಕಿತ್ತುಕೊಂಡು ಗೀರು ಬೀಳದೆ ಹದವಾಗಿ ಸವೆಯುವುದು ಈ ಪೊರೆಯಿಂದ. ಮಿನರಲ್ ಎಣ್ಣೆಗೂ ಸಿಂಥೆಟಿಕ್ ಎಣ್ಣೆಗೂ ಬೆರೆಸುವ ಈ ಸಾಮಗ್ರಿ ಬಹುಮಟ್ಟಿಗೆ ಒಂದೇ ಬಗೆಯದು. ಹಾಗಾಗಿ ಡಬ್ಬಿಯ ಮೇಲಿನ ಸಿಂಥೆಟಿಕ್ ಎಂಬ ಪದವನ್ನಷ್ಟೇ ನೋಡಿ ರಿಂಗ್ ಕೂರುತ್ತದೋ ಇಲ್ಲವೋ ಎಂದು ಊಹಿಸಲು ಆಧಾರವಿಲ್ಲ. ಆ ಪದದ ಗಡಿಯೂ ಖಚಿತವಲ್ಲ. ಕಚ್ಚಾ ತೈಲದಿಂದಲೇ ಹೊರಟು ಹೈಡ್ರೋಜನ್ ಸಂಸ್ಕರಣೆಗೆ ಒಳಗಾದ, ಮೂರನೆಯ ಗುಂಪು ಎಂದು ವರ್ಗೀಕರಿಸುವ ಎಣ್ಣೆಯನ್ನು ಸಿಂಥೆಟಿಕ್ ಎಂದು ಮಾರಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಅಮೆರಿಕದಲ್ಲಿ ವಿವಾದವೆದ್ದಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಮಾರಬಹುದು ಎಂಬ ನಿಲುವು ತಳೆಯಿತು. ಇಂದು ಸಿಂಥೆಟಿಕ್ ಹೆಸರಿನಲ್ಲಿ ಅಂಗಡಿಗೆ ಬರುವ ಎಣ್ಣೆಯಲ್ಲಿ ಈ ಬಗೆಯದು ಸಾಕಷ್ಟಿದೆ.

ಕಾರ್ಖಾನೆಗಳ ರೂಢಿಯೂ ಇದನ್ನೇ ಹೇಳುತ್ತದೆ. ಷೆವರ್ಲೆ ಕಾರ್ವೆಟ್ 1992ರಿಂದ ಸಿಂಥೆಟಿಕ್ ಎಣ್ಣೆ ತುಂಬಿಕೊಂಡೇ ಕಾರ್ಖಾನೆಯಿಂದ ಹೊರಬರುತ್ತಿದೆ, ಪೋರ್ಷೆ ಕಾರುಗಳೂ 1990ರ ದಶಕದಿಂದ ಹಾಗೆಯೇ. ರಿಂಗ್ ಕೂರದೆ ಎಣ್ಣೆ ಕುಡಿಯುವ ಎಂಜಿನ್ನುಗಳನ್ನು ಸಾಲುಸಾಲಾಗಿ ಮಾರಿ ವಾರಂಟಿಯ ಹೊರೆ ಹೊರಲು ಯಾವ ತಯಾರಕರೂ ಸಿದ್ಧರಿರುವುದಿಲ್ಲ. ಇವು ಕಾರುಗಳಾಯಿತು, ಬೈಕಿನ ಮಾತೇ ಬೇರೆ ಎನ್ನಬಹುದು. ಕ್ಲಚ್ಚಿನ ಮಟ್ಟಿಗೆ ಅದು ನಿಜ, ಮುಂದೆ ಅದನ್ನು ನೋಡೋಣ. ರಿಂಗು ಬೋರುಗಳ ಭೌತಶಾಸ್ತ್ರ ಮಾತ್ರ ಎರಡಕ್ಕೂ ಒಂದೇ. ಇದಕ್ಕಿಂತ ತೂಕದ ಆಕ್ಷೇಪ ವಿಮಾನಗಳ ಕಡೆಯಿಂದ ಬರುತ್ತದೆ. ಸಣ್ಣ ವಿಮಾನಗಳ ಗಾಳಿತಂಪಿನ ಪಿಸ್ಟನ್ ಎಂಜಿನ್ ತಯಾರಿಸುವ ಲೈಕಾಮಿಂಗ್ ಕಂಪನಿ, ಹೊಸ ಎಂಜಿನ್ನಿಗೆ ಮೊದಲ 50 ಗಂಟೆ ಅಥವಾ ಎಣ್ಣೆಯ ಖರ್ಚು ಒಂದು ಮಟ್ಟಕ್ಕೆ ನಿಲ್ಲುವವರೆಗೆ ಸಾದಾ ಮಿನರಲ್ ಎಣ್ಣೆಯನ್ನೇ ಬಳಸಲು ಹೇಳುತ್ತ ಬಂದಿದೆ. ಮಿನರಲ್ ಪಕ್ಷದವರು ಹಿಡಿಯಬಹುದಾದ ಅತ್ಯುತ್ತಮ ಪುರಾವೆ ಇದು. ಆದರೆ ಅದೇ ಕಂಪನಿ ತನ್ನ ಟರ್ಬೋ ಎಂಜಿನ್ನುಗಳನ್ನು ಮೊದಲ ದಿನದಿಂದಲೇ ಕೊಳೆಯನ್ನು ಚದುರಿಸಿಡುವ ಬೂದಿರಹಿತ ಡಿಸ್ಪರ್ಸೆಂಟ್‌ಗಳು ಬೆರೆತ ಎಣ್ಣೆಯಲ್ಲಿ ಓಡಿಸಬೇಕೆಂದು ಕಡ್ಡಾಯ ಮಾಡಿದೆ. ಒಂದೇ ತಯಾರಕರ ಎರಡು ಎಂಜಿನ್ನುಗಳಿಗೆ ಎರಡು ಬಗೆಯ ಎಣ್ಣೆ ಸಲ್ಲುತ್ತದೆ ಎಂದಾದರೆ, ನಿಯಮ ಹುಟ್ಟುವುದು ಆಯಾ ಎಂಜಿನ್ನಿನ ರಚನೆಯಿಂದ ಎಂದಾಯಿತು. ಮಿನರಲ್ ಎಣ್ಣೆಯಲ್ಲಿ ರಿಂಗ್ ಕೂರಿಸುವ ವಿಶೇಷ ಗುಣವೊಂದಿದೆ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ದೊಡ್ಡ ಬೋರು, ಸಡಿಲವಾದ ಅಂತರ, ಕ್ರೋಮ್ ಲೇಪ ಅಥವಾ ನೈಟ್ರೈಡ್ ಮಾಡಿದ ಗೋಡೆ ಇರುವ ಆ ಎಂಜಿನ್ನಿನ ಪದ್ಧತಿಯನ್ನು 100 ಸಿಸಿ ಬೈಕಿಗೆ ಇಳಿಸಲು ಕಾರಣ ಕಾಣದು. ಬೈಕುಗಳಲ್ಲೇ ಎಷ್ಟು ಬಗೆಯ ಗೋಡೆಗಳಿವೆ ನೋಡಿ: ಸಾಮಾನ್ಯ ಕಮ್ಯೂಟರ್ ಬೈಕಿನಲ್ಲಿ ಬೀಡುಕಬ್ಬಿಣದ ಲೈನರ್, ದುಬಾರಿ ಬೈಕುಗಳಲ್ಲಿ ಅಲ್ಯುಮಿನಿಯಂ ಬೋರಿನ ಮೇಲೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪ. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ರೂಪಿಸಿದ ಈ ನಿಕಾಸಿಲ್ ಬಲು ಗಟ್ಟಿ, ವಜ್ರದ ಹುಡಿ ಇರುವ ಕಲ್ಲಿನಿಂದಲೇ ಹೋನ್ ಮಾಡಬೇಕು. ಅಂಥ ಗೋಡೆ ಸವೆಯುವುದೇ ಅಪರೂಪ. ಅಲ್ಲಿ ಹೊಂದಿಕೊಳ್ಳುವ ಕೆಲಸ ಹೆಚ್ಚಾಗಿ ರಿಂಗಿನದು.

ಎಣ್ಣೆಯ ದಪ್ಪದ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗೆ ನಿಜವಾದ ಬೆಲೆ ತೆರಬೇಕಾಗುತ್ತದೆ. 10ಡಬ್ಲ್ಯೂ-30 ಎಂಬಂಥ ಗುರುತುಗಳು ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ300 ಪಟ್ಟಿಯಿಂದ ಬಂದವು. ಕೊನೆಯ ಸಂಖ್ಯೆ ಕಾದ ಎಣ್ಣೆಯದು: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್‌ವರೆಗೆ, 40ರದ್ದು ಅಲ್ಲಿಂದ 16.3ರವರೆಗೆ, 50ರದ್ದು 21.9ರವರೆಗೆ ಇರುತ್ತದೆ. ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ, ಗುರುತು 30 ಎಂದಿದ್ದರೆ ಎರಡೂ ಒಂದೇ ಮಿತಿಯೊಳಗೆ ಬರಬೇಕು. ಡಬ್ಲ್ಯೂ ಇರುವ ಸಂಖ್ಯೆ ಚಳಿಯದು. 10ಡಬ್ಲ್ಯೂ ಎಣ್ಣೆಯನ್ನು ಮೈನಸ್ 25 ಡಿಗ್ರಿಯಲ್ಲೂ 20ಡಬ್ಲ್ಯೂ ಎಣ್ಣೆಯನ್ನು ಮೈನಸ್ 15ರಲ್ಲೂ ಪರೀಕ್ಷಿಸುತ್ತಾರೆ. ರಾಯಚೂರು, ಕಲಬುರಗಿಗಳ ಸವಾರರಿಗೆ ಈ ಚಳಿ ಎಂದೂ ಎದುರಾಗದು, ಆದ್ದರಿಂದ ಆ ಸಂಖ್ಯೆ ನಮಗೆ ಬೇಕಿಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. 20 ಡಿಗ್ರಿಯ ಬೆಂಗಳೂರು ಮುಂಜಾವಿನಲ್ಲೂ ಎಣ್ಣೆ ಅದು ಕೆಲಸ ಮಾಡಬೇಕಾದ ಬಿಸಿಯಿಂದ ಬಹು ದೂರವಿರುತ್ತದೆ. ಆಗ ತೆಳು ಎಣ್ಣೆ ಕ್ಯಾಮ್ ಮತ್ತು ರಾಕರ್‌ಗಳನ್ನು ಬೇಗ ತಲಪುತ್ತದೆ, ದಪ್ಪ ಎಣ್ಣೆ ತಡಮಾಡುತ್ತದೆ. ಹೊಸ ಎಂಜಿನ್ನಿನಲ್ಲಿ ಬೇರಿಂಗುಗಳ ಅಂತರ ಬಿಗಿಯಾಗಿರುವುದರಿಂದ ಎಣ್ಣೆ ಹರಿದು ಬಿಸಿಯನ್ನು ಹೊತ್ತೊಯ್ಯುವುದೂ ಅಷ್ಟೇ ಮುಖ್ಯ. ಹೊಸದಕ್ಕೆ ದಪ್ಪ ಎಣ್ಣೆಯೇ ರಕ್ಷಣೆ ಎಂಬ ಮಾತು ಇಲ್ಲಿ ಸೋಲುತ್ತದೆ. ಹಾಗೆಂದು ತೆಳುವೇ ಎಲ್ಲಕ್ಕೂ ಲೇಸು ಎಂದು ಹೇಳುವಂತೆಯೂ ಇಲ್ಲ. ಹೀರೋ ಸ್ಪ್ಲೆಂಡರಿಗೆ 10ಡಬ್ಲ್ಯೂ-30 ಹೇಳಿದ್ದರೆ, ರಾಯಲ್ ಎನ್‌ಫೀಲ್ಡ್ 350ಕ್ಕೆ ಅರೆ ಸಿಂಥೆಟಿಕ್ 15ಡಬ್ಲ್ಯೂ-50 ಹೇಳಿದ್ದಾರೆ. ಎರಡನೆಯದರ ದೊಡ್ಡ ಪಿಸ್ಟನ್ನು, ಅದರ ಬಿಸಿ, ಪಂಪಿನ ಅಳತೆ ಎಲ್ಲವನ್ನೂ ಆ ಎಣ್ಣೆಗೆ ಲೆಕ್ಕಹಾಕಿ ಮಾಡಿರುತ್ತಾರೆ. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಸುರಿದರೆ ಆ ಲೆಕ್ಕವೇ ಕೆಡುತ್ತದೆ, ಅದೂ ಲೋಹ ಇನ್ನೂ ಹೊಂದಿಕೆಗೆ ಬರದ ಹೊತ್ತಿನಲ್ಲಿ.

ಕಾರಿಗೂ ಬೈಕಿಗೂ ಎಣ್ಣೆಯ ವಿಷಯದಲ್ಲಿರುವ ದೊಡ್ಡ ವ್ಯತ್ಯಾಸ ಕ್ಲಚ್ಚು ಮತ್ತು ಗೇರ್‌ಬಾಕ್ಸಿನದು. ಕಾರಿನ ಗೇರ್‌ಬಾಕ್ಸಿಗೆ ತನ್ನದೇ ಎಣ್ಣೆ, ಕ್ಲಚ್ ಒಣ. ಇಂದಿನ ಬಹುತೇಕ ಎಲ್ಲ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಪ್ಲೇಟುಗಳು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಹಳೆಯ ಬೀಡುಕಬ್ಬಿಣದ ಎಂಜಿನ್ನಿನ ಬುಲೆಟ್ಟಿನಲ್ಲಿ ಗೇರ್‌ಬಾಕ್ಸ್ ಬೇರೆಯೇ ಇತ್ತು. ಆ ಕಾಲದ ಸಲಹೆಗಳನ್ನು ಈಗಿನ ಬುಲೆಟ್ಟಿಗೆ ಅನ್ವಯಿಸಲಾಗದಿರುವುದಕ್ಕೆ ಇದೂ ಒಂದು ಕಾರಣ. ಇಂಧನ ಉಳಿಸಲೆಂದು ಕಾರಿನ ತೆಳು ಎಣ್ಣೆಗಳಿಗೆ ಘರ್ಷಣೆ ತಗ್ಗಿಸುವ ಮಾಲಿಬ್ಡಿನಂ ಮುಂತಾದ ಸಾಮಗ್ರಿ ಬೆರೆಸುವುದುಂಟು. ಅಂಥ ಎಣ್ಣೆ ಬೈಕಿಗೆ ಹೋದರೆ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಕಾರಿನ ಎಣ್ಣೆಗಳಿಂದ ಬೈಕುಗಳಿಗೆ ತೊಂದರೆಯಾಗತೊಡಗಿದಾಗ ಜಪಾನಿನ ಜಾಸೊ ಸಂಸ್ಥೆ 1998ರಲ್ಲಿ ಟಿ903 ಎಂಬ ಮಾನಕ ತಂದಿತು. ಅದರಲ್ಲಿ ಎಂಎ ದರ್ಜೆ ಒದ್ದೆ ಕ್ಲಚ್ಚಿನ ಬೈಕುಗಳಿಗೆ, ಎಂಬಿ ದರ್ಜೆ ಒಣ ಕ್ಲಚ್ಚಿನ ಸ್ಕೂಟರುಗಳಿಗೆ. ಎಂಎ ಒಳಗಿನ ಎಂಎ2 ಇನ್ನೂ ಹೆಚ್ಚು ಹಿಡಿತದ್ದು. ಗೇರಿನ ಹಲ್ಲುಗಳು ಎಣ್ಣೆಯೊಳಗಿನ ಪಾಲಿಮರುಗಳನ್ನು ಕತ್ತರಿಸಿ ಅದನ್ನು ತೆಳುವಾಗಿಸುತ್ತವೆ. ಅದನ್ನು ತಾಳುವ ಶಕ್ತಿಯನ್ನೂ ಈ ಮಾನಕ ಪರೀಕ್ಷಿಸುತ್ತದೆ. ರಂಜಕದ ವಿಷಯದಲ್ಲಂತೂ ಅದು ಕೆಳಮಿತಿ, ಮೇಲ್ಮಿತಿ ಎರಡನ್ನೂ ಹಾಕಿದೆ: ತೂಕದಲ್ಲಿ ಶೇಕಡಾ 0.08ರಿಂದ 0.12. ಕೆಳಮಿತಿ ಕ್ಯಾಮ್ ಮತ್ತು ಗೇರುಗಳ ರಕ್ಷಣೆಗೆ, ಮೇಲ್ಮಿತಿ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲು. ಅಮೆರಿಕದ ಎಪಿಐ ದರ್ಜೆಗಳು ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಎಂದು 1996ರಿಂದ 2020ರವರೆಗೆ ಬೆಳೆದು ಬಂದಿವೆ. ಅವುಗಳಲ್ಲಿ 2004ರ ಎಸ್‌ಎಂ ಬಂದಾಗ ಕಾರಿನ ತೆಳು ಎಣ್ಣೆಗಳ ರಂಜಕ ಶೇಕಡಾ 0.08ಕ್ಕಿಂತ ಮೇಲೇರಬಾರದೆಂದಾಯಿತು. ಕಾರಿಗೆ ಮೇಲ್ಮಿತಿಯಾದ ಅಂಕಿ ಬೈಕಿಗೆ ಕೆಳಮಿತಿ. ಹೊಸ ಕಾರಿನ ದುಬಾರಿ ಎಣ್ಣೆ ಬೈಕಿಗೆ ಇನ್ನೂ ಒಳ್ಳೆಯದಿರಬೇಕು ಎಂದು ತಿಳಿಯುವವರಿಗೆ ಉತ್ತರ ಇದೇ ಅಂಕಿಯಲ್ಲಿದೆ. ಡಬ್ಬಿಯ ಹಿಂಬದಿಯಲ್ಲಿ ಕೈಪಿಡಿ ಕೇಳಿದ ಜಾಸೊ ದರ್ಜೆ ಇಲ್ಲದಿದ್ದರೆ, ಅದು ಎಷ್ಟೇ ಹೆಸರಾಂತ ಎಣ್ಣೆಯಾಗಿರಲಿ, ಹೊಸ ಬೈಕಿಗೆ ಹಾಕಬಾರದು.

ಮೊದಲ ಎಣ್ಣೆ ಬದಲಾವಣೆಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಏಣುಗಳು ಸವೆದಾಗ ಹೊರಬರುವ ಲೋಹದ ಹುಡಿ, ಹೊಸ ಗೇರುಗಳ ಹಲ್ಲಿನಿಂದ ಉದುರಿದ ಚೂರು, ಕ್ಲಚ್ ಪ್ಲೇಟಿನ ಧೂಳು, ಜೋಡಣೆಯ ವೇಳೆ ಬಳಿದ ಗ್ರೀಸು, ಎಲ್ಲವೂ ಈ ಎಣ್ಣೆಗೇ ಸೇರುತ್ತವೆ. ಹೊಸದಾಗಿ ಕಚ್ಚು ಹಾಕಿಸಿದ ಬೀಸುಕಲ್ಲಿನ ಮೊದಲ ಹಿಟ್ಟನ್ನು ಯಾರೂ ರೊಟ್ಟಿಗೆ ಬಳಸುವುದಿಲ್ಲ. ಎಂಜಿನ್ನಿನ ಮೊದಲ ಎಣ್ಣೆಯೂ ಅಂಥದೇ. ರಿಂಗ್ ಪೂರ್ತಿ ಕೂರುವ ಮೊದಲು ಸುಡದ ಪೆಟ್ರೋಲು ಮತ್ತು ನೀರಾವಿ ಕೆಳಗೆ ಸೋರಿ ಎಣ್ಣೆಗೆ ಬೆರೆಯುವುದರಿಂದ ಅದು ತೆಳುವೂ ಆಗುತ್ತದೆ. ಮನೆಯಿಂದ ಎರಡು ಕಿಲೋಮೀಟರ್ ಆಚೆಯ ಕಚೇರಿಗೆ ಹೋಗಿ ನಿಲ್ಲುವ ಬೈಕಿನಲ್ಲಿ ಎಣ್ಣೆ ಕಾದು ಈ ತೇವ ಆರುವುದೇ ಇಲ್ಲ. ಸಣ್ಣ ಬೈಕುಗಳಿಗೆ ಇನ್ನೊಂದು ಮಿತಿಯಿದೆ. ಹೋಂಡಾ ಮೂಲದ ಮಲಗಿದ ಸಿಲಿಂಡರಿನ 100 ಸಿಸಿ ಎಂಜಿನ್ನುಗಳಲ್ಲಿ ಕಾಗದದ ಫಿಲ್ಟರೇ ಇರುವುದಿಲ್ಲ. ಒಂದು ಜರಡಿಯೂ ಕ್ರ್ಯಾಂಕಿನೊಂದಿಗೆ ತಿರುಗುತ್ತ ಹುಡಿಯನ್ನು ಅಂಚಿಗೆ ಎಸೆದು ಹಿಡಿದಿಡುವ ಸೆಂಟ್ರಿಫ್ಯೂಗಲ್ ಫಿಲ್ಟರೂ ಇರುತ್ತವೆ. ತುಂಬುವ ಎಣ್ಣೆಯೂ ಒಂದು ಲೀಟರಿನ ಆಸುಪಾಸು. ಇಷ್ಟು ಕಡಿಮೆ ಎಣ್ಣೆಯಲ್ಲಿ ಅಷ್ಟೂ ಹುಡಿ ಸುತ್ತುತ್ತಿರುವಾಗ ಸರ್ವಿಸನ್ನು ಮುಂದಕ್ಕೆ ಹಾಕುತ್ತ ಹೋದರೆ, ದುಬಾರಿ ಎಣ್ಣೆ ತರುವ ಲಾಭವನ್ನೆಲ್ಲ ಆ ವಿಳಂಬ ನುಂಗಿಬಿಡುತ್ತದೆ. ಇದಕ್ಕೆ ಎರಡು ದಿಕ್ಕಿನಿಂದ ಆಕ್ಷೇಪ ಬರುತ್ತದೆ. ಈಗಿನ ಅನೇಕ ಕಾರುಗಳ ಮೊದಲ ಎಣ್ಣೆ ಸಾವಿರಾರು ಕಿಲೋಮೀಟರ್ ಓಡುತ್ತದಲ್ಲ ಎಂಬುದು ಒಂದು. ಕಾರಿನಲ್ಲಿ ಎಣ್ಣೆ ಹಲವು ಲೀಟರ್, ಫಿಲ್ಟರ್ ದೊಡ್ಡದು, ಗೇರು ಮತ್ತು ಕ್ಲಚ್ಚಿನ ಕಸ ಅದಕ್ಕೆ ಬೀಳುವುದೇ ಇಲ್ಲ. ಹೋಲಿಕೆ ಅಲ್ಲಿಗೆ ಮುಗಿಯಿತು. ಹಾಗಿದ್ದರೆ 50 ಕಿಲೋಮೀಟರಿಗೇ ಒಮ್ಮೆ, 200ಕ್ಕೆ ಇನ್ನೊಮ್ಮೆ ಬದಲಿಸಬಾರದೇಕೆ ಎಂಬುದು ಇನ್ನೊಂದು. ಅದೇ ದರ್ಜೆಯ ಎಣ್ಣೆ ಹಾಕುವುದಾದರೆ ಹಾನಿಯೇನಿಲ್ಲ, ಖರ್ಚು ಮಾತ್ರ ಹೆಚ್ಚು. ಆದರೆ ಬೀದಿಬದಿಯಲ್ಲಿ ಧೂಳು ಸೇರುವಂತೆ ತೆರೆದರೆ, ಡ್ರೇನ್ ಬೋಲ್ಟನ್ನು ಅತಿಯಾಗಿ ಬಿಗಿದು ಅಲ್ಯುಮಿನಿಯಂ ಮರೆ ಕಿತ್ತರೆ, ಅಥವಾ ವಾರಂಟಿಗೆ ಬೇಕಾದ ಸರ್ವಿಸ್ ದಾಖಲೆ ತಪ್ಪಿಸಿಕೊಂಡರೆ, ಉಳಿಸಿದ್ದಕ್ಕಿಂತ ಕಳೆದದ್ದು ಹೆಚ್ಚಾಗುತ್ತದೆ.

ಕನ್ನಡ ನಾಡಿನಲ್ಲಿ ರನ್ನಿಂಗ್-ಇನ್ನಿನ ಬಗ್ಗೆ ಇಂದಿಗೂ ಕೇಳಿಬರುವ ಕೆಲವು ಎಚ್ಚರಿಕೆಗಳು ಟೂ ಸ್ಟ್ರೋಕ್ ಕಾಲದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು, ಹೊಸತರಲ್ಲಿ ಆ ಪ್ರಮಾಣವನ್ನು ಹೆಚ್ಚಿಸುತ್ತಿದ್ದರು. ಅಲ್ಲಿ ಎಣ್ಣೆ ಒಮ್ಮೆ ಹಾದು ಸುಟ್ಟುಹೋಗುತ್ತಿದ್ದುದರಿಂದ ಸ್ವಲ್ಪ ಹೆಚ್ಚು ಎಣ್ಣೆಯೆಂದರೆ ನೇರವಾಗಿ ಹೆಚ್ಚು ರಕ್ಷಣೆ. ಪಿಸ್ಟನ್ ಕಾದು ಹಿಡಿದುಕೊಳ್ಳುವ ಭಯ ನಿಜವಾಗಿತ್ತು. ಹಿರಿಯ ಮೆಕ್ಯಾನಿಕ್‌ಗಳು ಹೇಳುತ್ತಿದ್ದುದು ಆ ಯಂತ್ರಕ್ಕೆ ಸರಿಯಾಗಿಯೇ ಇತ್ತು. ಫೋರ್ ಸ್ಟ್ರೋಕಿನಲ್ಲಿ ಅದೇ ಎಣ್ಣೆ ಮತ್ತೆ ಮತ್ತೆ ಸುತ್ತುತ್ತದೆ. ಮಟ್ಟ ಮೀರಿ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆಯೆಬ್ಬಿಸುತ್ತದೆ, ಎಣ್ಣೆ ಉಸಿರುಕೊಳವೆಯ ಮೂಲಕ ಏರ್ ಫಿಲ್ಟರಿನತ್ತ ಹೋಗುತ್ತದೆ.

ಸವಾರಿಯ ರೀತಿಯೂ ಎಣ್ಣೆಯ ಕೆಲಸದೊಂದಿಗೆ ಹೆಣೆದುಕೊಂಡಿದೆ. ಮೊದಲ ದಿನದಿಂದಲೇ ಪೂರ್ತಿ ಆಕ್ಸಿಲರೇಟರ್ ತಿರುಗಿಸಬೇಕು ಎನ್ನುವವರೂ, ನಲವತ್ತು ದಾಟಲೇಬಾರದು ಎನ್ನುವವರೂ ಇದ್ದಾರೆ. ಅನಿಲದ ಒತ್ತಡವೇ ರಿಂಗನ್ನು ಕೂರಿಸುವುದರಿಂದ ಮೊದಲಿನವರ ಮಾತಿನಲ್ಲಿ ಹುರುಳಿದೆ. ಹೊರೆಯೇ ಇಲ್ಲದೆ ಬಹುಕಾಲ ಓಡಿದ ಹೊಸ ಎಂಜಿನ್ನಿನಲ್ಲಿ ಎಣ್ಣೆ ಗೋಡೆಯ ಮೇಲೆ ವಾರ್ನಿಷಿನಂತೆ ಸುಟ್ಟು ಕೂತು ಹೋನಿಂಗ್ ಗೆರೆಗಳನ್ನು ಮುಚ್ಚಬಹುದು. ಇದಕ್ಕೆ ಗ್ಲೇಜಿಂಗ್ ಎನ್ನುತ್ತಾರೆ. ರಿಂಗ್ ಕೂರದ ದೂರನ್ನು ಸಿಂಥೆಟಿಕ್ ಎಣ್ಣೆಯ ತಲೆಗೆ ಕಟ್ಟುವ ಮೊದಲು ಈ ಸಾಧ್ಯತೆಯನ್ನು ನೋಡಬೇಕು. ಆದರೆ ಎಂಜಿನ್ನಿನಲ್ಲಿ ರಿಂಗ್ ಒಂದೇ ಇಲ್ಲ. ಪಿಸ್ಟನ್ನಿನ ಮೈ, ಬೇರಿಂಗು, ಗೇರಿನ ಹಲ್ಲುಗಳೂ ಹೊಂದಿಕೊಳ್ಳಬೇಕು, ಅವುಗಳಿಗೆ ಅತಿಯಾದ ಬಿಸಿ ಆಗದು. ಆದ್ದರಿಂದ ಎಂಜಿನ್ ಕಾದ ಮೇಲೆ ಮಧ್ಯಮ ಹೊರೆ ಕೊಡುತ್ತ, ವೇಗವನ್ನು ಏರಿಳಿಸುತ್ತ, ಒಂದೇ ವೇಗದಲ್ಲಿ ದೀರ್ಘಕಾಲ ಓಡಿಸದೆ ಇರುವ ಕೈಪಿಡಿಯ ಕ್ರಮವೇ ಎರಡೂ ಬೇಡಿಕೆಗಳನ್ನು ಪೂರೈಸುತ್ತದೆ.

ಬ್ರೇಕ್-ಇನ್ ಆಯಿಲ್ ಎಂದು ಪ್ರತ್ಯೇಕವಾಗಿ ಮಾರುವ ಎಣ್ಣೆಗಳು ಹುಟ್ಟಿದ್ದು ಮುಖ್ಯವಾಗಿ ಹಳೆಯ ಅಮೆರಿಕನ್ ಕಾರುಗಳ ಮರುಜೋಡಣೆ ಮಾಡಿದ ಎಂಜಿನ್ನುಗಳಿಗಾಗಿ. ಅವುಗಳ ಚಪ್ಪಟೆ ಟ್ಯಾಪೆಟ್ಟುಗಳು ಮೊದಲ ಅರ್ಧ ಗಂಟೆಯಲ್ಲೇ ಕ್ಯಾಮನ್ನು ತಿಂದುಹಾಕುವ ಅಪಾಯವಿರುವುದರಿಂದ ಸತು, ರಂಜಕಗಳನ್ನು ಹೆಚ್ಚಿಸಿರುತ್ತಾರೆ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ ಹಳೆಯ ಬೈಕಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಅಗ್ಗದ, ಆದರೆ ಸರಿಯಾದ ಜಾಸೊ ದರ್ಜೆಯ ಎಣ್ಣೆ ಹಾಕಿ ಬೇಗ ಚೆಲ್ಲುವುದು ವಿವೇಕದ ಕೆಲಸ. ಅಂಥಲ್ಲಿ ಮಿನರಲ್ ಎಣ್ಣೆಯ ಆಯ್ಕೆಯನ್ನು ಸಮರ್ಥಿಸಿಕೊಳ್ಳಬಹುದು, ಕಾರಣ ಅದರ ಬೆಲೆ. ಕಾರ್ಖಾನೆಯಿಂದ ಬಂದ ಹೊಸ ಬೈಕಿಗೆ ವಿಶೇಷ ಎಣ್ಣೆಯೂ ಬೇಕಿಲ್ಲ, ಬಾಟಲಿಯಲ್ಲಿ ಸಿಗುವ ಸೇರ್ಪಡೆಗಳೂ ಬೇಕಿಲ್ಲ. ಎರಡನೆಯ ತುಂಬುವಿಕೆಯಿಂದ ಸಿಂಥೆಟಿಕ್ಕಿಗೆ ಹೋಗಬೇಕೆನ್ನುವವರು ಅದೇ ಸ್ನಿಗ್ಧತೆ, ಅದೇ ಜಾಸೊ ದರ್ಜೆ ಇಟ್ಟುಕೊಂಡು ಧಾರಾಳವಾಗಿ ಹೋಗಬಹುದು. ಅಲ್ಲಿಯವರೆಗೆ ವಾರಕ್ಕೊಮ್ಮೆ ಬೈಕನ್ನು ನೇರವಾಗಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ನೋಡುತ್ತಿರಬೇಕು. ರಿಂಗ್ ಕೂರುವ ಮುನ್ನ ಎಣ್ಣೆ ಸ್ವಲ್ಪ ಹೆಚ್ಚೇ ಸುಡುತ್ತದೆ, ಒಂದು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಕಾಲು ಲೀಟರ್ ಕಡಿಮೆಯಾದರೂ ಅದು ನಾಲ್ಕರಲ್ಲೊಂದು ಪಾಲು. ಕೆಲವು ಬೈಕುಗಳಲ್ಲಿ ಅಳತೆ ಕಡ್ಡಿಯನ್ನು ಮರೆ ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು, ಕೆಲವಲ್ಲಿ ಪೂರ್ತಿ ಬಿಗಿದು ತೆಗೆಯಬೇಕು, ಇನ್ನು ಕೆಲವಲ್ಲಿ ಪಕ್ಕದ ಗಾಜಿನ ಕಿಂಡಿಯಲ್ಲೇ ಮಟ್ಟ ಕಾಣುತ್ತದೆ. ನಿಮ್ಮ ಬೈಕಿನದು ಯಾವ ಬಗೆ ಎಂಬುದು ಅದರ ಕೈಪಿಡಿಯಲ್ಲಿದೆ.